ಇಬ್ಬರ ಸಹಾಯ ಬೇಕು

ನಮ್ಮ ಚಿಕ್ಕಮ್ಮ ವೃದ್ಧಾಶ್ರಮದಲ್ಲಿ ನರ್ಸ್. ಹೊಸಬರು ಸೇರಿದ ದಿನವೇ ಅವರು ಗಾಲಿಕುರ್ಚಿಯಿಂದ ಕಮೋಡ್‌ಗೆ ತಾವೇ ಹೋಗಬಲ್ಲರೇ ಎಂದು ನೋಡಿ ಬರೆದಿಡುವುದು ಅವಳ ಕೆಲಸ. ಬಸ್ ಡ್ರೈವರ್ ಆಗಿದ್ದ ತಾತ ಒಬ್ಬರು ಬಂದಾಗ, ಆರು ತಾಸು ವ್ಯಾನಿನಲ್ಲಿ ಕೂತು ಅವರ ಕಾಲು ಜೋಮು ಹಿಡಿದಿತ್ತು. ಏಳಲಾಗಲಿಲ್ಲ. ಚಿಕ್ಕಮ್ಮ ಅವಸರದಲ್ಲಿ ‘ಇಬ್ಬರ ಸಹಾಯ ಬೇಕು’ ಎಂದು ಬರೆದು ಸಹಿ ಹಾಕಿಬಿಟ್ಟಳು.

ಮರುದಿನ ತಾತ ಕಮೋಡ್ ಪಕ್ಕದ ಕಂಬಿ ಹಿಡಿದು ಸಲೀಸಾಗಿ ಎದ್ದರು. ಚಿಕ್ಕಮ್ಮ ತಿದ್ದಲು ಹೋದರೆ ಮೇಲ್ವಿಚಾರಕಿ ಬಿಡಲಿಲ್ಲ. "ಮುಂದಿನ ಪರೀಕ್ಷೆ ಮೂರು ತಿಂಗಳಿಗೆ. ಅಷ್ಟರೊಳಗೆ ಬಿದ್ರೆ ಯಾರಮ್ಮ ಹೊಣೆ?"

ಈಗ ತಾತ ಬೆಲ್ ಒತ್ತಿದರೆ ಚಿಕ್ಕಮ್ಮ ಓಡಿ ಬರುತ್ತಾಳೆ. ಇಬ್ಬರಿಲ್ಲದೆ ಅವರನ್ನು ಎಬ್ಬಿಸುವಂತಿಲ್ಲ; ಎರಡನೆಯವರ ಸುಳಿವೇ ಇರುವುದಿಲ್ಲ.

"ಸ್ವಲ್ಪ ತಡ್ಕೊಳ್ಳಿ ತಾತ."

"ನಲವತ್ತು ವರ್ಷ ಬಸ್ಸಲ್ಲಿ, ಒಂದಕ್ಕೆ ನಿಲ್ಸಿ ಅಂದೋರಿಗೆ ನಾನೂ ಇದನ್ನೇ ಹೇಳ್ದೆ ಕಣಮ್ಮ. ಈಗ ಅನುಭವಿಸ್ತಿದೀನಿ."

ತಾತ ಕಂಬಿಗೆ ಕೈ ಚಾಚಿದರು. ಅವರು ಏಳಬಲ್ಲರೆಂದು ಗೊತ್ತಿದ್ದೂ ಚಿಕ್ಕಮ್ಮ ಭುಜ ಒತ್ತಿ ಕೂರಿಸಿದಳು.