ಹಾಡು ಮುಗಿದ ಮೇಲಿನ ಟೇಪು

ಹೊಸದಾಗಿ ಬಿಡುಗಡೆಯಾದ ಹಾಡನ್ನು ಕೇಳುತ್ತ ಕೂತವರು ಸಾಮಾನ್ಯವಾಗಿ ಅದು ಮುಗಿಯದಿರಲಿ ಎಂದು ಬಯಸುತ್ತಾರೆ. ನಾನೋ, ಮೊದಲ ಸ್ವರ ಹೊರಡುವ ಮುಂಚೆಯೇ ಅದು ಯಾವಾಗ ಮುಗಿದೀತೆಂದು ಕಾಯುವ ವಿಲಕ್ಷಣ ರಸಿಕನಾಗಿದ್ದೆ. ಒಂಟಿಕೊಪ್ಪಲಿನ ನಮ್ಮ ವರಾಂಡದಲ್ಲಿ ಟೇಪ್‌ರೆಕಾರ್ಡರಿಗೆ ಕಿವಿಯೊಡ್ಡಿ ಕೂತ ನನ್ನನ್ನು ಕಂಡು ಎದುರುಮನೆಯವರು, ಅರವತ್ತಕ್ಕೆ ಬರಬೇಕಾದ ಅರಳುಮರಳು ಈ ಕನ್ನಡ ಮೇಷ್ಟ್ರಿಗೆ ಆರು ವರ್ಷ ತಡವಾಗಿ ಬಂತೆಂದು ಮಾತಾಡಿಕೊಂಡರಂತೆ. ಅವರ ಮಾತಿನಲ್ಲಿ ತಪ್ಪೇನಿಲ್ಲ ಬಿಡಿ.

ನಾನು ಕೇಳುವುದು ‘ತುಕ್ಕು’ ಎಂಬ ತಂಡದ ಹಾಡುಗಳನ್ನು. ಜಯಲಕ್ಷ್ಮಿಪುರಂನ ಒಂದು ಕಾರ್ ಶೆಡ್ಡಿನಲ್ಲಿ ಹುಟ್ಟುವ ಈ ಸಂಗೀತಕ್ಕೆ ಪೋಸ್ಟ್-ಪಂಕ್ ಎಂದು ಹೆಸರು. ಬೇಸ್ ಗಿಟಾರು ಒಂದೇ ಮಾತನ್ನು ಹಠಮಾರಿಯ ಹಾಗೆ ಹೇಳುತ್ತಿರುತ್ತದೆ. ತಂಡದ ಯಜಮಾನಿತಿ, ನನ್ನ ಹಳೆಯ ವಿದ್ಯಾರ್ಥಿನಿ ಸಹನಾ, ನಲ್ಲಿಯಲ್ಲಿ ನೀರು ಬಾರದ ದಿನ ಗೊಣಗುವ ಸ್ವರದಲ್ಲಿ ಸಾಹಿತ್ಯವನ್ನು ನಿವೇದಿಸುತ್ತಾಳೆ. ಇವರದೊಂದು ಪದ್ಧತಿಯಿದೆ. ಮನೆಮನೆಗಳಿಂದ ಹಳೆಯ ಕ್ಯಾಸೆಟ್ ಬೇಡಿ ತಂದು, ಅದರ ಮೇಲೆಯೇ ತಮ್ಮ ಹಾಡು ತುಂಬಿ, ಕೈಯಲ್ಲಿ ಬರೆದ ಹೊದಿಕೆ ತೊಡಿಸಿ ಬಿಡುಗಡೆ ಮಾಡುತ್ತಾರೆ.

ನನ್ನ ಹೆಂಡತಿ ಜಯಮ್ಮನ ವರ್ಷದ ತಿಥಿ ಮುಗಿದ ವಾರವೇ, ಬೀರು ಖಾಲಿ ಮಾಡುವ ಹುಮ್ಮಸ್ಸಿನಲ್ಲಿ ಒಂದು ರಟ್ಟಿನ ಡಬ್ಬಿ ತುಂಬ ಕ್ಯಾಸೆಟ್ಟುಗಳನ್ನು ಸಹನಾಳಿಗೆ ಕೊಟ್ಟುಬಿಟ್ಟೆ. ಎಲ್ಲವೂ ಅಂಗಡಿಯ ಭಕ್ತಿಗೀತೆಗಳೆಂದೇ ನನ್ನ ಭಾವನೆ. ಎರಡು ತಿಂಗಳ ಮೇಲೆ ನಾದಿನಿ ಫೋನ್ ಮಾಡಿ, ಅಕ್ಕ ಸೋಬಾನೆ ಪದ ಹಾಡಿಟ್ಟಿದ್ದ ಟೇಪು ಎಲ್ಲಿದೆ ಭಾವ, ಮಗಳ ಮದುವೆಗೆ ಬೇಕಿತ್ತು ಎಂದಳು. ಅದೂ ಆ ಡಬ್ಬಿಯಲ್ಲೇ ಹೋಗಿರಬೇಕು.

ಶೆಡ್ಡಿಗೆ ಓಡಿದೆ. ಚೀಟಿಗಳನ್ನೆಲ್ಲ ಕಿತ್ತು, ಎಲ್ಲದರ ಮೇಲೂ ಹಾಡು ತುಂಬಿಯಾಗಿತ್ತು. ಸಹನಾಳ ಮುಖ ಕಪ್ಪಿಟ್ಟಿತು. ಆಮೇಲೆ ಅವಳೇ ನನ್ನನ್ನು ಕೂರಿಸಿ ಹೇಳಿದಳು: “ಸರ್, ನಮ್ಮ ಹಾಡು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ. ಅದರಾಚೆಗೆ ಹಳೇದು ಹಾಗೇ ಇರುತ್ತೆ. ನೀವು ಕೇಳಿ ಆದ್ಮೇಲೇ ಮಾರ್ತೀವಿ.”

ಮುಂದಕ್ಕೆ ಓಡಿಸಿದರೆ ಮುದಿ ಟೇಪು ಸಿಕ್ಕಿ ಹರಿದೀತೆಂಬ ಭಯದಿಂದ ಪ್ರತಿಯೊಂದನ್ನೂ ಆಮೂಲಾಗ್ರ ಕೇಳಿದೆ. ಬಾಲದಲ್ಲಿ ಸುಪ್ರಭಾತ, ಹರಿಕಥೆ, ಯಾರದೋ ಜಾಹೀರಾತು. ಕೇಳುತ್ತ ಕೇಳುತ್ತ ಜಯಮ್ಮನ ಹಳ್ಳಿಯ ನುಡಿ ನೆನಪಾಗುತ್ತಿತ್ತು. ಅವಳು ‘ಬುಡಿ’ ಎಂದಾಗಲೆಲ್ಲ ‘ಬಿಡಿ’ ಎಂದು ತಿದ್ದುತ್ತಿದ್ದ ಪಂಡಿತ ನಾನು. ಅವಳು ಹಾಡು ತುಂಬುತ್ತಿದ್ದುದು ಮಧ್ಯಾಹ್ನ, ನಾನು ಶಾಲೆಯಲ್ಲಿದ್ದಾಗ. ಇದ್ದಕ್ಕಿದ್ದಂತೆ ಅದನ್ನೇಕೆ ಬಿಟ್ಟಳೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಹೋದ ವಾರ, ಮೂರನೆಯ ಬಿಡುಗಡೆಯ ಒಂದು ಪ್ರತಿಯಲ್ಲಿ, ಹಾಡು ನಿಂತ ಮೇಲೆ ಸ್ವಲ್ಪ ಹೊತ್ತು ಬರೀ ಸುಯ್ ಎನ್ನುವ ಸದ್ದು. ಮುಂದಿನ ಸಾಲಿಗಾಗಿ ಒಬ್ಬ ಹೆಂಗಸು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಗಂಡಸಿನ ದನಿ: “ಸಾಕು ನಿಲ್ಸೇ ಜಯಾ. ಆ ಹಳ್ಳಿ ರಾಗ ಯಾರಿಗೆ ಬೇಕು?” ಕಟ್ ಎಂದು ಗುಂಡಿ ಒತ್ತಿದ ಸದ್ದಾಯಿತು. ಆಚೆಗೆ ಏನೂ ಇರಲಿಲ್ಲ.

ಅಂದು ಶಾಲೆಗೆ ರಜೆಯಿದ್ದಿರಬೇಕು. ಆ ದಿನ ನನಗೆ ಒಂಚೂರೂ ನೆನಪಿಲ್ಲ. ದನಿ ಮಾತ್ರ ನನ್ನದೇ. ಸಿಕ್ತಾ ಸರ್ ಎಂದು ಸಹನಾ ಕೇಳಿದಳು. “ಸಿಕ್ತು ಕಣಮ್ಮ” ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಮಿಕ್ಕದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ನಾದಿನಿಗೆ ಇನ್ನೂ ಫೋನ್ ಮಾಡಿಲ್ಲ.

ಈಗ ವರಾಂಡದಲ್ಲಿ ಅದೊಂದೇ ಕ್ಯಾಸೆಟ್ಟು ತಿರುಗುತ್ತದೆ. ಅವಳ ಉಸಿರು ಕೇಳಿದೊಡನೆ, ನನ್ನ ದನಿ ಏಳುವ ಮೊದಲೇ ಗುಂಡಿ ಒತ್ತಲು ನೋಡುತ್ತೇನೆ. ನನ್ನ ಬೆರಳು ನಿಧಾನ, ಒಮ್ಮೆಯೂ ಆಗಿಲ್ಲ. ಹಾಗಾಗಿ ಸಹನಾ ಗೊಣಗುತ್ತಿರುವಷ್ಟು ಹೊತ್ತೂ, ಈ ಹಾಡು ಮುಗಿಯದಿರಲಪ್ಪಾ ಎಂದು ನಾನೂ ಎಲ್ಲರ ಹಾಗೆ ಬೇಡಿಕೊಳ್ಳುತ್ತ ಕೂತಿರುತ್ತೇನೆ.