ನೋಡುವ ಒಲೆ, ಮಾರುವ ಒಲೆ

ನಮ್ಮ ಭಾವ ಚಿನ್ನಪ್ಪ ದನಗಳ ವೈದ್ಯವನ್ನು ಯಾರಿಂದ ಕಲಿತನೋ ಯಾರಿಗೂ ಗೊತ್ತಿಲ್ಲ. ದನಗಳಿಗಂತೂ ಗೊತ್ತಿರಲಿಲ್ಲ, ಸುಮ್ಮನೆ ನಿಂತು ನೋಡಿಸಿಕೊಳ್ಳುತ್ತಿದ್ದವು. ಮಾರಂಡಹಳ್ಳಿ ಸುತ್ತಲಿನ ಜನ ಎತ್ತು, ಎಮ್ಮೆ, ಕರು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬರುತ್ತಿದ್ದರು. ಭಾವ ಬಾಲ ಎತ್ತಿ, ಕಿವಿ ಮುಟ್ಟಿ, "ಉಂ" ಅನ್ನುತ್ತಿದ್ದ. ಉಂ ಅಂದನೆಂದರೆ ರೋಗ ಇದೆ ಎಂದೇ ಅರ್ಥ. ಚೆನ್ನಾಗಿರುವ ದನ ಅವನ ಕಣ್ಣಿಗೆ ಒಂದೂ ಬಿದ್ದದ್ದಿಲ್ಲ.

ಅವನು ರೋಗದ ಹೆಸರು ಕೂಗಿದರೆ ಸಾಕು, ಒಳಗೆ ಅವನ ಹೆಂಡತಿ ನಾರಾಯಣಮ್ಮ ಬೇರು, ಮೆಣಸು, ಸೊಪ್ಪು ಅರೆದು ಉಂಡೆ ಕಟ್ಟುತ್ತಿದ್ದಳು. ಬಂದವರು ರಾಗಿಯೋ ಅವರೆಯೋ ಅಳೆದು ಕೊಟ್ಟು ಉಂಡೆ ತೆಗೆದುಕೊಂಡು ಹೋಗುತ್ತಿದ್ದರು. ನಾರಾಯಣಮ್ಮ ನನ್ನ ಓರಗಿತ್ತಿ. ಬಾಯಿ ಇದ್ದೂ ಇಲ್ಲದವಳು. ನಾನು ಹಾಗಲ್ಲ, ನನ್ನ ಗಂಡನನ್ನು ಕೇಳಿ ನೋಡಿ.

ಮೆಟ್ಟೂರಿನ ಅಣೆ ಕಟ್ಟಿ ಮುಗಿದ ವರ್ಷ ಊರ ಗೌಡ ಮಾದಪ್ಪ ಹೊಟ್ಟೆನೋವೆಂದು ಸೇಲಂಗೆ ಹೋಗಿ ಇಂಗ್ಲಿಷ್ ಡಾಕ್ಟರನ್ನು ಕಂಡು ಬಂದ. ಹೊಟ್ಟೆನೋವು ಹಾಗೇ ಇತ್ತು, ಬುದ್ಧಿ ಮಾತ್ರ ಬೆಳೆದಿತ್ತು. ಬಂದವನೇ ಪಂಚಾಯ್ತಿ ಸೇರಿಸಿದ.

"ಅಲ್ಲಿ ಡಾಕ್ಟ್ರು ಬರೀ ಚೀಟಿ ಬರೀತಾನೆ ಕಣ್ರಲಾ. ಮದ್ದು ಮಾರೋನು ಬೇರೆ ಅಂಗ್ಡಿಯೋನು. ನೋಡೋನೇ ಮಾರಿದ್ರೆ ಕಲ್ಲುಬಸವನ್ಗೂ ಕೆಮ್ಮು ಐತೆ ಅಂತಾನೆ!"

"ಮಾರೋಳು ನನ್ನ ಎಂಡ್ರು. ನಾನಲ್ಲ," ಎಂದ ಚಿನ್ನಪ್ಪ.

"ಒಲೆ ಒಂದೇ ತಾನೆ?" ಎಂದ ಗೌಡ.

ನಮ್ಮಲ್ಲಿ ಮನೆ ಎಣಿಸುವುದು ಬಾಗಿಲಿನಿಂದಲ್ಲ, ಒಲೆಯಿಂದ. ಅಣ್ಣತಮ್ಮಂದಿರು ಪಾಲಾದರೆ ಅದೇ ಸೂರಿನ ಕೆಳಗೆ ಇನ್ನೊಂದು ಒಲೆ ಹೂಡುತ್ತಾರೆ. ಅಲ್ಲಿಂದಾಚೆಗೆ ಅದು ಬೇರೆ ಮನೆ. ನಮ್ಮದೂ ಭಾವನದೂ ಹಾಗೇ ಬೇರೆ ಒಲೆ. ಇವರ ಅನ್ನ ಅವರು ಉಣ್ಣುವುದಿಲ್ಲ, ಇವರ ವ್ಯವಹಾರಕ್ಕೆ ಅವರು ಬಾಯಿ ಹಾಕುವುದಿಲ್ಲ. ನಮ್ಮ ಭಾವನ ತಲೆ ಇಂಥ ಕಡೆ ಚೆನ್ನಾಗಿ ಓಡುತ್ತದೆ.

"ಅಷ್ಟೇ ತಾನೆ? ಎಂಡ್ರಿಗೆ ಬೇರೆ ಒಲೆ ಊಡ್ಕೊಡ್ತೀನಿ. ಎರಡು ಮನೆ ಆಯ್ತದೆ. ಸರಿಯಾ ಗೌಡ?"

ಗಂಡ ಹೆಂಡತಿ ಒಲೆ ಬೇರೆ ಮಾಡಿದ್ದನ್ನು ಊರು ಕಂಡಿರಲಿಲ್ಲ. ಮಾಡಬಾರದು ಎಂದೂ ಯಾರೂ ಹೇಳಿರಲಿಲ್ಲ. ಗೌಡ ಗಡ್ಡ ಕೆರೆದುಕೊಂಡು ಆಗಲಿ ಎಂದ. ನಾರಾಯಣಮ್ಮನನ್ನು ಯಾರೂ ಕೇಳಲಿಲ್ಲ. ಅವಳು ಮೂರು ಕಲ್ಲು ಹೊತ್ತು ತಂದು ಕೊಟ್ಟಿಗೆಯ ಪಕ್ಕ ಒಲೆ ಹೂಡಿ, ಒರಳನ್ನೂ ಅಲ್ಲಿಗೇ ಉರುಳಿಸಿಕೊಂಡಳು.

ಹೆಂಡತಿಯ ಒಲೆಯಿಂದ ಯಾರೂ ಕಾಣದಂತೆ ಮುದ್ದೆ ಬರುತ್ತದೆಂದು ಭಾವ ನಂಬಿದ್ದ. ಬರಲಿಲ್ಲ. "ಪಂಚಾಯ್ತಿ ಮಾತು," ಎಂದಳು ಅವಳು. ಅವನೇ ತೊಳಸಿದ ಮುದ್ದೆ ಹೊರಗೆ ಕರಕಲು, ಒಳಗೆ ಹಸಿ ಹಿಟ್ಟು. ನಾನಾದರೂ ಒಂದು ತುತ್ತು ಕೊಡಬಹುದಿತ್ತು. ಯಾಕೆ ಕೊಡಲಿ? ಮಾಡಿದ್ದುಣ್ಣೋ ಮಾರಾಯ ಅಂತ ಸುಮ್ಮನಿದ್ದೆ.

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಮೊದಲು ನಾರಾಯಣಮ್ಮನಿಗೆ ಗೋಡೆಯಾಚೆಯಿಂದ ರೋಗದ ಹೆಸರು ಮಾತ್ರ ಕೇಳಿಸುತ್ತಿತ್ತು. ಈಗ ದನವೇ ಅವಳ ಒಲೆಯ ಮುಂದೆ ಬಂದು ನಿಲ್ಲಬೇಕಾಯಿತು. ಮೊದಲು ಬಂದದ್ದು ಎಲ್ಲಪ್ಪನ ಕರು. ಒಳಜ್ವರ ಅಂತ ಭಾವ ಹೇಳಿ ಕಳಿಸಿದ್ದ.

"ಮೇವು ತಿಂತದಾ?" ಎಂದಳು.

"ತಿಂತದೆ."

"ನೀರು?"

"ಕುಡೀತದೆ ಕಣಕ್ಕ."

"ಮತ್ತೆ ಮದ್ದು ಯಾಕಪ್ಪ? ಇಡ್ಕೊಂಡು ಓಗು."

ಚಿನ್ನಪ್ಪ ದಡದಡ ಎದ್ದು ಬಂದ. "ನಾನು ರೋಗ ಐತೆ ಅಂದ್ರೆ ಇಲ್ಲ ಅನ್ನೋಕೆ ನೀನ್ಯಾವೋಳೇ?"

"ಬೇರೆ ಒಲೆಯೋಳು," ಎಂದಳು ನಾರಾಯಣಮ್ಮ. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಬಂದ ದನಗಳಲ್ಲಿ ಹೆಚ್ಚಿನವು ಹೀಗೇ ಬರಿಗೈಲಿ ವಾಪಸ್ಸು ಹೋದವು, ಹೋಗಿ ಚೆನ್ನಾಗಿಯೇ ಇದ್ದವು. ಭಾವ ಮಾತ್ರ ಸೊರಗಿದ. ಕೊನೆಗೆ ಗೌಡನ ಕಾಲಿಗೆ ಬಿದ್ದ. "ಸಾಕು ಗೌಡ. ನಂಗೆ ನನ್ನ ಮನೆ ಬೇಕು." ಗೌಡನಿಗೂ ಸಾಕಾಗಿತ್ತು. ನಮ್ಮ ಅಂಗಳದಲ್ಲೇ ಜನ ಸೇರಿಸಿ, ಒಲೆ ಕೂಡಿಸಿಕೊಳ್ಳಿ ಎಂದ. ಚಿನ್ನಪ್ಪ ಹಲ್ಲು ಕಿರಿದು ಅವಳ ಒಲೆಯ ಕಲ್ಲು ಎತ್ತಲು ಬಗ್ಗಿದ. ನಾರಾಯಣಮ್ಮ ಒಲೆಗೆ ಅಡ್ಡ ಕುಳಿತಳು.

"ಮುನುಸ್ವಾಮಿ ಎಮ್ಮೆ ಗ್ನಾಪಕ ಐತಾ?"

ಒಲೆ ಬೇರೆಯಾಗುವ ಮುಂಚೆ ಎಮ್ಮೆ ಕಳೆದುಕೊಂಡಿದ್ದ ಮುನುಸ್ವಾಮಿ ಜಗಲಿಯ ಮೇಲೇ ಕುಳಿತಿದ್ದ. ಎಲ್ಲರೂ ಅವನತ್ತ ತಿರುಗಿದರು.

"ಗಬ್ಬದ ಎಮ್ಮೆ ಅಂತ ಗೋಡೆ ಆಚೆಯಿಂದ ನಂಗೂ ಕೇಳಿಸ್ತು. ಮದ್ದು ಬ್ಯಾಡ ಅಂದೆ ನಾನು. ಸುಮ್ಕೆ ಅರೆಯೇ ಅಂದೆ ನೀನು. ಅರೆದೆ. ಬಸುರಿನ ಸಮೇತ ಸತ್ತೋಯ್ತು. ದೇವ್ರ ಶಾಪ ಅಂದ್ಬುಟ್ಟೆ. ಅವ್ನ ಎಂಡ್ರು ನನ್ನ ಕೈ ಇಡ್ಕೊಂಡು ಅತ್ಲು, ಮದ್ದು ಅರೆದಿದ್ದ ಇದೇ ಕೈ. ಅವತ್ತಿಂದ ಅನ್ನ ರುಚಿಸಿಲ್ಲ ನಂಗೆ. ಆ ಎಮ್ಮೆಗೆ ಏನು ರೋಗ ಇತ್ತು? ಎಲ್ರ ಮುಂದೆ ಬಾಯ್ಬಿಡು. ಆಮೇಲೆ ಒಲೆ ಮುಟ್ಟು."

ಅಷ್ಟು ಮಾತು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಬಾಯಿಬಿಟ್ಟರೆ ಇನ್ನು ಯಾರೂ ಅವನ ಮುಂದೆ ದನ ತಂದು ನಿಲ್ಲಿಸುವುದಿಲ್ಲ. ಅದು ಭಾವನಿಗೂ ಗೊತ್ತಿತ್ತು. ಅವನು ಕಲ್ಲು ನೋಡಿದ, ಹೆಂಡತಿಯ ಮುಖ ನೋಡಿದ.

"ಏನೂ ಇರ್ಲಿಲ್ಲ," ಎಂದ. "ಚೆನ್ನಾಗೇ ಇತ್ತು."

ಮುನುಸ್ವಾಮಿ ಟವಲು ಕೊಡವಿ ಎದ್ದು ಹೋದ. ಒಬ್ಬರೂ ತಡೆಯಲಿಲ್ಲ. ನಾರಾಯಣಮ್ಮ ಪಕ್ಕಕ್ಕೆ ಸರಿದು, "ಕೈ ತೊಳ್ಕೊ, ಮುದ್ದೆ ಆರೋಯ್ತದೆ," ಎಂದಳು. ಭಾವ ಅಳುತ್ತಾ ಉಂಡ. ಅಯ್ಯೋ ಪಾಪ ಅನ್ನಿಸಿತು ನನಗೆ.

ಆಮೇಲೆ ಜನ ಬಂದದ್ದು ನಾರಾಯಣಮ್ಮನ ಹತ್ತಿರ. ನೋಡುವವಳೂ ಅವಳೇ, ಮದ್ದು ಕೊಡುವವಳೂ ಅವಳೇ. ಗೌಡನೇ ಕಾಲುಬಾವಿನ ಎತ್ತು ತಂದಾಗ, "ಏನ್ ಗೌಡ, ನೋಡೋರು ಮಾರ್ಬಾರ್ದಲ್ವಾ?" ಎಂದು ಕೇಳಿಯೇ ಬಿಟ್ಟೆ. "ಸುಮ್ಕಿರಮ್ಮ ತಾಯಿ," ಎಂದ. ಭಾವ ಅವಳು ನೋಡುವಾಗ ದನ ಹಿಡಿದುಕೊಳ್ಳುವ ಕೆಲಸಕ್ಕೆ ನಿಂತ.

ಬಹಳ ಕಾಲದ ಮೇಲೆ ಮುನುಸ್ವಾಮಿ ಬಂದ, ಮೇವು ಬಿಟ್ಟ ಒಂದು ಎಳೆ ಎಮ್ಮೆ ಹಿಡಿದುಕೊಂಡು. ನಾರಾಯಣಮ್ಮ ಕೈ ಒರೆಸಿಕೊಂಡು ಎದ್ದಳು. ಭಾವ ಹಗ್ಗಕ್ಕೆ ಕೈ ಚಾಚಿದ.

"ಬ್ಯಾಡ," ಎಂದ ಮುನುಸ್ವಾಮಿ. "ನಾನೇ ಇಡ್ಕೋತೀನಿ."

ಭಾವ ಕೈ ಹಿಂದಕ್ಕೆ ತೆಗೆದುಕೊಂಡು, ಎಮ್ಮೆ ಹೋಗುವ ತನಕ ಗೋಡೆಯ ಹತ್ತಿರ ನಿಂತಿದ್ದ.