ಪರೀಕ್ಷೆಗೆ ಇಟ್ಟ ಹಲ್ಲು

ತಿಕೋಟಾದ ಧರ್ಮರಾಜ ಕಂಡಕ್ಟರರ ಮಗಳು ವಿಶಾಖಾ ಹಲ್ಲಿನ ಡಾಕ್ಟರಾಗಿ ವಿಜಯಪುರದ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದಾಗ, ಅವಳ ಓದಿಗಿಂತ ಮೊದಲು ಕೆಲಸಕ್ಕೆ ಬಂದದ್ದು ಅಪ್ಪನ ಬಸ್ಸು. ಕನಮಡಿಯ ದಾರಿಯಲ್ಲಾಗಲಿ ಬಬಲೇಶ್ವರದ ದಾರಿಯಲ್ಲಾಗಲಿ ಧರ್ಮರಾಜರ ಕೈಯಿಂದ ಟಿಕೆಟ್ ತೆಗೆದುಕೊಳ್ಳದ ಮನೆಯಿರಲಿಲ್ಲ. ನಿವೃತ್ತರಾದ ಮೇಲೂ ಜನ ಅವರನ್ನು ಸಂತೆಯಲ್ಲಿ ತಡೆದು ನಿಲ್ಲಿಸಿ, ಬಾಯಿ ಅಗಲಿಸಿ, ದವಡೆಗೆ ಬೆರಳಿಟ್ಟು ತೋರಿಸುತ್ತಿದ್ದರು.

"ಕಂಡಕ್ಟರ್ ಸಾಹೇಬ್ರ, ಮಗಳಿಗೆ ಹೇಳ್ರಿ. ಇಲ್ಲೊಂದ ಹುಳುಕ ಐತಿ ನೋಡ್ರಿ."

"ಬಾಯಿ ಮುಚ್ಚೋ ಮಾರಾಯಾ, ನಾ ಟಿಕೆಟ್ ಹರಿದಾವ. ಹಲ್ಲ ನೋಡಾಕಿ ಮನ್ಯಾಗದಾಳ" ಎಂದು ನಗುತ್ತಿದ್ದರು ಧರ್ಮರಾಜರು. ಸಂಜೆ ಮಗಳಿಗೆ ಹೇಳುತ್ತಿದ್ದರು. ಅವಳು ಹೋಗಿ ನೋಡಿ ಬರುತ್ತಿದ್ದಳು.

ಕಾಲೇಜಿಗೆ ಇದರಿಂದ ಬಹಳ ಅನುಕೂಲವಾಗಿತ್ತು. ಕೊನೆಯ ವರ್ಷದ ಪರೀಕ್ಷೆಗೆ ಪ್ರತಿ ವಿದ್ಯಾರ್ಥಿ ತನ್ನ ರೋಗಿಯನ್ನು ತಾನೇ ಕರೆತರಬೇಕು. ಹುಳುಕು ಆಳವಾಗಿರಬೇಕು, ಆದರೆ ನರವನ್ನು ಮುಟ್ಟಿರಬಾರದು. ಅಂಥ ಹಲ್ಲು ಬೇಕೆಂದ ದಿನವೇ ಬಂದು ಕುರ್ಚಿಯಲ್ಲಿ ಕೂರುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಮೊದಲೇ ಹುಡುಕಿ, "ಪರೀಕ್ಷಾ ಮುಗಿಯೂತನಕ ಎಲ್ಲೂ ಸಿಮೆಂಟ್ ತುಂಬಿಸಬ್ಯಾಡ್ರಿ" ಎಂದು ಮಾತು ತೆಗೆದುಕೊಳ್ಳುವುದು ಅಲ್ಲಿಯ ರೂಢಿ. ಹಲ್ಲು ಇಡುವುದು ಎಂದು ಅದಕ್ಕೆ ಹೆಸರು. ವಿಶಾಖಾ ತನ್ನ ಪರೀಕ್ಷೆಗೂ ಹೀಗೆಯೇ ಒಂದು ಹಲ್ಲು ಇಟ್ಟು ಪಾಸಾಗಿದ್ದಳು. ಈಗ ತನ್ನ ವಿದ್ಯಾರ್ಥಿಗಳಿಗೆ ಇಟ್ಟುಕೊಡುತ್ತಿದ್ದಳು. ಅವಳ ಬ್ಯಾಚಿನಲ್ಲಿ ರೋಗಿ ಸಿಗದೆ ಅತ್ತವರು ಯಾರೂ ಇರಲಿಲ್ಲ. ಅದು ಅವಳ ಹೆಮ್ಮೆ.

ಆ ವರ್ಷ ನಾಲ್ಕು ದೇಶಗಳ ದಂತ ಕಾಲೇಜುಗಳ ಶಿಕ್ಷಕರು ತಿಂಗಳಿಗೊಮ್ಮೆ ಪರದೆಯ ಮೇಲೆ ಸೇರಿ ಮಾತಾಡತೊಡಗಿದ್ದರು. ಒಂದು ದೇಶದಲ್ಲಿ ಕಲಿತ ಕೈಯನ್ನು ಇನ್ನೊಂದು ದೇಶದ ರೋಗಿ ನಂಬಬೇಕಾದರೆ ಕಲಿಸುವ ರೀತಿ, ಪರೀಕ್ಷಿಸುವ ರೀತಿ ಎಲ್ಲ ಕಡೆಯೂ ಒಂದು ಹದಕ್ಕೆ ಬರಬೇಕು ಎಂಬುದು ಅವರ ಉದ್ದೇಶ. ಪರೀಕ್ಷೆಯ ಬಗ್ಗೆ ಹೇಳುವ ಸರದಿಯನ್ನು ವಿಭಾಗದ ಮುಖ್ಯಸ್ಥ ಅರುಣಕುಮಾರ ಸರ್ ವಿಶಾಖಾಳಿಗೆ ಕೊಟ್ಟರು. ಅವಳು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಕುಳಿತಳು. ಹಳ್ಳಿಗಳಿಗೆ ತಾನೇ ಹೋಗಿ ರೋಗಿಯನ್ನು ಹುಡುಕುವುದನ್ನು, ಮೂರು ತಿಂಗಳು ಮೊದಲೇ ಹಲ್ಲು ಇಡುವುದನ್ನು ವಿವರಿಸಿದಳು. ಬಬಲೇಶ್ವರದ ಕಿರಾಣಿ ಅಂಗಡಿಯ ಕಾಳವ್ವನ ದವಡೆ ಹಲ್ಲಿನ ಚಿತ್ರವನ್ನೂ ತೋರಿಸಿದಳು. ಅದು ಕಾವ್ಯಾ ಎಂಬ ವಿದ್ಯಾರ್ಥಿನಿಗಾಗಿ ಇಟ್ಟ ಹಲ್ಲು.

ಕೆನ್ಯಾದ ಹಿರಿಯ ಶಿಕ್ಷಕಿಯೊಬ್ಬರು ಕನ್ನಡಕ ತೆಗೆದರು.

"ಆ ಮೂರು ತಿಂಗಳು ಹುಳುಕೂ ಕಾಯುತ್ತದೆಯೇ?" ಎಂದು ಕೇಳಿದರು. ಸ್ವರದಲ್ಲಿ ವ್ಯಂಗ್ಯವಿರಲಿಲ್ಲ. "ನಮ್ಮ ಕಾಲೇಜಿನಲ್ಲೂ ಹೀಗೇ ಮಾಡುತ್ತಿದ್ದೆವು. ಅದಕ್ಕೇ ಕೇಳುತ್ತಿದ್ದೇನೆ. ಆಕೆ ಈಗ ಹೇಗಿದ್ದಾರೆ?"

"ನೋಡಿ ಬಂದು ಹೇಳುತ್ತೇನೆ" ಎಂದಳು ವಿಶಾಖಾ. ಹುಳುಕು ದಿನದಿನಕ್ಕೂ ಆಳಕ್ಕೆ ಇಳಿಯುತ್ತದೆ ಎಂದು ಅವಳೇ ಎರಡನೇ ವರ್ಷದವರಿಗೆ ಪಾಠ ಮಾಡುತ್ತಿದ್ದಳು. ಆ ಪಾಠವೂ ಈ ರೂಢಿಯೂ ಒಂದೇ ತಲೆಯೊಳಗೆ ಇಷ್ಟು ವರ್ಷ ಒಂದನ್ನೊಂದು ನೋಡದೆ ಇದ್ದವು.

ಪರದೆ ಆರಿದ ಮೇಲೆ ಅರುಣಕುಮಾರ ಸರ್ ಸಿಡುಕಿದರು. "ಅದನ್ನೆಲ್ಲಾ ಯಾಕ ಹೇಳಾಕ ಹೋದ್ರಿ ವಿಶಾಖಾ? ಮನಿ ಒಳಗಿನ ಮಾತು ಅದು."

"ಸರ್, ನಾ ಒಮ್ಮೆ ಬಬಲೇಶ್ವರಕ್ಕ ಹೋಗಿ ಬರ್ತೀನ್ರಿ" ಎಂದಳು.

ಕಾವ್ಯಾಳನ್ನು ಕರೆದುಕೊಂಡು ಮರುದಿನದ ಬಸ್ಸು ಹಿಡಿದಳು. ಕಾಳವ್ವನ ಗಂಡ ಗುರಲಿಂಗಪ್ಪ ಗಲ್ಲಾದ ಮುಂದೆ ಕುಳಿತಿದ್ದ. ಇಬ್ಬರನ್ನೂ ಕಂಡು ಒಳಗೆ ಕೂಗಿದ: "ಏ, ನಿನ್ನ ಹಲ್ಲಿನ ಮಾಲಕರು ಬಂದಾರ ನೋಡ!" ಆಮೇಲೆ ವಿಶಾಖಾಳತ್ತ ತಿರುಗಿದ. "ಏನರ ಹೇಳ್ರಿ ಅಕ್ಕಾರ, ಮೂರ ತಿಂಗಳಿಂದ ಈ ಮನ್ಯಾಗ ಆ ಹಲ್ಲಿಗೆ ಇರೋ ಮರ್ಯಾದಿ ನನಗಿಲ್ಲ."

ಕಾಳವ್ವ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಬಂದಳು. ಸೆರಗು ಸರಿಯಿತು. ಮುಖದ ಒಂದು ಬದಿ ಬಾತು ಕಣ್ಣು ಸಣ್ಣದಾಗಿತ್ತು.

"ಯವ್ವಾ, ಯಾವಾಗಿಂದ ಹಿಂಗ ಆಗೇತಿ?"

"ಹೋದ ವಾರ ಶೇಂಗಾ ಕಡದೆ ನೋಡ್ರಿ, ಕಟ್ ಅಂತು. ಅದಕ್ಕೂ ಮೊದ್ಲ ನೋವು ಇತ್ತು. ರೊಟ್ಟಿ ಹಾಲಾಗ ನೆನಸಿ ಇನ್ನೊಂದ ಕಡೆ ದವಡ್ಯಾಗ ಅಗದ ನುಂಗತಿದ್ದೆ." ಕಾಳವ್ವ ತಗ್ಗಿದ ದನಿಯಲ್ಲಿ, ಒಳ್ಳೆಯ ಸುದ್ದಿ ಹೇಳುವಂತೆ ಮುಂದುವರಿಸಿದಳು. "ಆದ್ರ ನೀವೇನ ಚಿಂತಿ ಮಾಡಬ್ಯಾಡ್ರಿ. ಹೋದ ತಿಂಗಳ ಸಾಲ್ಯಾಗ ಹಲ್ಲಿನ ಶಿಬಿರ ಹಾಕಿದ್ರು. ಆ ಡಾಕ್ಟರಪ್ಪ ಇಲ್ಲೇ ತುಂಬಿ ಕೊಡ್ತೀನಿ ಅಂದ. ನಾ ಬಾಯಿನ ತೆಗೀಲಿಲ್ಲ. ಇದು ಕಾವ್ಯಾ ಅಕ್ಕಾರ ಪರೀಕ್ಷಾದ ಹಲ್ಲ ಐತ್ರಿ, ಮಾತು ಕೊಟ್ಟೇನಿ ಅಂದೆ."

ವಿಶಾಖಾ ಅಕ್ಕಿಯ ಚೀಲದ ಮೇಲೆ ಕುಳಿತುಬಿಟ್ಟಳು. ಯಾವ ರೋಗಿಯಾದರೂ ನೋವು ಹೆಚ್ಚಾದರೆ ಎಲ್ಲಾದರೂ ತೋರಿಸಿಕೊಳ್ಳುತ್ತಾರೆ ಎಂದು ಅವಳು ನಂಬಿದ್ದಳು. ಕೊಟ್ಟ ಮಾತನ್ನು ಕೆನ್ನೆಯೊಳಗೆ ಇಟ್ಟುಕೊಂಡು ಹೀಗೆ ಕಾಯುವವರು ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮೊಬೈಲಿನ ಬೆಳಕು ಹಿಡಿದು ನೋಡಿದಳು. ಹಲ್ಲಿನ ಗೋಡೆ ಬೇರಿನವರೆಗೂ ಸೀಳಿತ್ತು. ಒಸಡಿನಲ್ಲಿ ಕೀವು ತುಂಬಿತ್ತು. ಪಕ್ಕದಿಂದ ಬಗ್ಗಿ ನೋಡುತ್ತಿದ್ದ ಕಾವ್ಯಾಳ ಉಸಿರು ಅವಳ ಕಿವಿಗೆ ತಾಗಿತು.

"ಮೇಡಂ, ಇದು ಹೋತು. ಆದ್ರ ಆ ಕಡೆ ನೋಡ್ರಿ, ಇನ್ನೊಂದಕ್ಕ ಹುಳುಕ ಐತಿ, ಆಳನೂ ಐತಿ. ನರಕ್ಕಿನ್ನೂ ಹತ್ತಿಲ್ಲ. ಪರೀಕ್ಷಾ ಮುಂದಿನ ವಾರನ ಐತಲ್ಲ, ಅದನ್ನ ಇಡೂಣೇನ್ರಿ?"

ವಿಶಾಖಾ ಮೊಬೈಲಿನ ಬೆಳಕು ಆರಿಸಿದಳು. ಹುಡುಗಿ ಕೆಟ್ಟವಳಲ್ಲ. ಓಣಿಯ ಬೆಕ್ಕಿಗೆ ಕಾಲು ಮುರಿದರೆ ಊಟ ಬಿಡುವವಳು. ಅವಳ ಬಾಯಿಂದ ಬಂದ ಮಾತು ವಿಶಾಖಾಳದೇ. ಅದರ ಹಿಂದಿನ ಲೆಕ್ಕಾಚಾರವೂ ವಿಶಾಖಾಳದೇ.

ಕಾಳವ್ವ ಬಾಯಿ ಮುಚ್ಚಿ ಉತ್ಸಾಹದಿಂದ ತಲೆಯಾಡಿಸಿದಳು. "ಇಟ್ಕೋ ಮಗಳ. ಇದನ್ನೂ ಯಾರಿಗೂ ಮುಟ್ಟಸಂಗಿಲ್ಲ."

"ಬ್ಯಾಡ!" ವಿಶಾಖಾ ಕೂಗಿದ ರಭಸಕ್ಕೆ ಗುರಲಿಂಗಪ್ಪ ತಕ್ಕಡಿ ಬಿಟ್ಟು ಎದ್ದು ನಿಂತ. ಅವಳು ಸ್ವರ ತಗ್ಗಿಸಿದಳು. "ಕಾಕಾ, ಅಂಗಡಿ ಬಾಗಿಲಾ ಹಾಕ್ರಿ. ಈಗ ವಿಜಯಪುರಕ್ಕ ಹೋಗೂಣು."

ಅವತ್ತೇ ಮಧ್ಯಾಹ್ನ ಕಾಲೇಜಿನ ಕುರ್ಚಿಯಲ್ಲಿ ಕೀವು ತೆಗೆದು, ಸೀಳಿದ ಹಲ್ಲನ್ನು ಕಿತ್ತಳು. ಉಳಿಸುವ ದಾರಿಯಿರಲಿಲ್ಲ. ಮೂರು ತಿಂಗಳ ಹಿಂದೆ ಇತ್ತು. ಆಗ ಅರ್ಧ ತಾಸಿನ ಕೆಲಸವಾಗಿತ್ತು. ಆಮೇಲೆ ಇನ್ನೊಂದು ಬದಿಯ ಹುಳುಕನ್ನು ಕಾವ್ಯಾಳಿಗೆ ತೋರಿಸಿ, "ಇದನ್ನ ಈಗ ತುಂಬು" ಎಂದಳು. ಕಾವ್ಯಾಳ ಕಣ್ಣು ತುಂಬಿತು. ಆದರೂ ಕೈಗವಸು ಹಾಕಿಕೊಂಡಳು. ಕೆಲಸ ಶುರುವಾದ ಮೇಲೆ ಅವಳ ಕೈ ನಡುಗಲಿಲ್ಲ.

ಸುದ್ದಿ ತಿಳಿದು ಅರುಣಕುಮಾರ ಸರ್ ಬಂದರು. "ಇದ್ದ ಎರಡೂ ಹಲ್ಲ ಮುಗಿಸಿದ್ರಲ್ಲ! ಈ ಹುಡುಗಿ ಪರೀಕ್ಷಾದಾಗ ಯಾರ ಬಾಯಾಗ ಕೈ ಹಾಕಬೇಕು?"

"ಅವತ್ತ ಮುಂಜಾನೆ ಯಾರು ನೋವು ಅಂತ ಸಾಲಿಗೆ ನಿಲ್ತಾರೋ ಅವರ ಬಾಯಾಗ್ರಿ ಸರ್. ಎಂಥಾ ಹಲ್ಲ ಬಂದ್ರೂ ಇಕಿ ನೋಡಬೇಕು. ಹಲ್ಲ ಇಡೂ ಕೆಲಸಾ ಇನ್ನ ಮ್ಯಾಲ ನನ್ನ ಕಡಿಂದ ಆಗಂಗಿಲ್ರಿ. ಮುಂದಿನ ಮೀಟಿಂಗದಾಗೂ ಇದನ್ನ ಹೇಳಾಕಿ ಅದೇನಿ."

ಸರ್ ಕಾವ್ಯಾಳ ಮುಖ ನೋಡಿದರು. ಬಾತ ಕೆನ್ನೆಯ ಕಾಳವ್ವನನ್ನು ನೋಡಿದರು. ಹೊರಗೆ ಹೋದರು.

ಕಾಳವ್ವ ಹತ್ತಿ ಕಚ್ಚಿಕೊಂಡು, ತೊದಲುತ್ತ ವಿಶಾಖಾಳ ಸೆರಗು ಜಗ್ಗಿದಳು. "ತಪ್ಪಾತ್ರಿ ಅಕ್ಕಾರ. ನೀವು ನಂಬಿ ಇಟ್ಟಿದ್ರಿ, ನಾ ಕಾಯಲಿಲ್ಲ. ಆ ಶೇಂಗಾ ತಿನಬಾರದಿತ್ತು."

ಕ್ಷಮೆ ಯಾರು ಯಾರನ್ನು ಕೇಳುತ್ತಿದ್ದಾರೆ ಎಂದು ವಿಶಾಖಾಳಿಗೆ ನಾಚಿಕೆಯಾಯಿತು. "ಹಂಗ ಅನಬ್ಯಾಡ ಯವ್ವಾ. ತಪ್ಪು ನಂದೈತಿ. ಕೇಳಬಾರದ್ದನ್ನ ನಿನ್ನ ಕೇಳೇನಿ" ಎಂದಳು.

ಕಾಳವ್ವನಿಗೆ ಅದು ಒಪ್ಪಿಗೆಯಾಗಲಿಲ್ಲ. ಆಮೇಲೆ ಅವಳ ಮುಖ ಅರಳಿತು. "ನಮ್ಮ ತಂಗಿ ಹೊಳೆವ್ವನ ದವಡ್ಯಾಗೂ ಒಂದ ಹುಳುಕ ಐತ್ರಿ. ಪರೀಕ್ಷಾತನಕ ಹಂಗ ಇಟ್ಟಿರು ಅಂತ ಹೇಳ್ಲೇನು?"

"ನಾಳೆ ಮುಂಜಾನಿ ಮೊದಲ ಬಸ್ಸಿಗೆ ಕರಕೊಂಡ ಬಾ."

"ಪರೀಕ್ಷಾ ಮುಂದಿನ ವಾರ ಅಲ್ಲೇನ್ರಿ?"

"ಹೌದು ಯವ್ವಾ" ಎಂದು ವಿಶಾಖಾ ಅವಳ ಕೈ ಹಿಡಿದುಕೊಂಡಳು. "ಹೊಳೆವ್ವ ನಾಳೆನ ಬರಲಿ."